ಮನೆಯಲ್ಲಿ ತೆಲುಗು, ಬರಹದಲ್ಲಿ ಕನ್ನಡ: ಕೋಲಾರ ಸೀಮೆ ಎಲ್ಲರನ್ನೂ ಉಳಿಸಿಕೊಂಡ ಬಗೆ

ಓದುಗರ ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಮನೆಮಾತು ತೆಲುಗು, ಓದಿದ್ದು ಬರೆದದ್ದೆಲ್ಲ ಕನ್ನಡ. ಈಗ ಬೆಂಗಳೂರಿನಲ್ಲಿದ್ದೇವೆ. ನಾವು ಮನೆಯಲ್ಲಿ ಮಾತಾಡುವುದನ್ನು ಕೇಳಿದವರು ‘ನೀವು ಆಂಧ್ರದವರಾ?’ ಎನ್ನುತ್ತಾರೆ. ಅದೇ ಜಿಲ್ಲೆಯಲ್ಲಿ ತಮಿಳು ಮೂಲದ ತಿಗಳರಿದ್ದಾರೆ, ಉರ್ದು ಮಾತಾಡುವ ಮನೆಗಳಿವೆ, ಊರೂರು ತಿರುಗುವ ಅಲೆಮಾರಿಗಳಿದ್ದಾರೆ. ಇಷ್ಟೊಂದು ಸಣ್ಣ ಸಮುದಾಯಗಳು ಒಂದರೊಳಗೊಂದು ಕರಗಿಹೋಗದೆ ಉಳಿದದ್ದು ಹೇಗೆ? ಮುಂದೆಯೂ ಉಳಿಯುತ್ತವೆಯೇ?

ಉತ್ತರ: ನೀವು ಆಂಧ್ರದವರಲ್ಲ. ಮಿಕ್ಕ ವಿಚಾರಕ್ಕೆ ಹೋಗುವ ಮೊದಲು ಇದನ್ನು ಗಟ್ಟಿಯಾಗಿ ಹೇಳಿಬಿಡಬೇಕು, ಏಕೆಂದರೆ ಈ ಪ್ರಶ್ನೆಯನ್ನು ಕೇಳಿಸಿಕೊಳ್ಳದ ಕೋಲಾರದವರು ಬೆಂಗಳೂರಿನಲ್ಲಿ ಸಿಗುವುದು ಕಷ್ಟ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ವರದಿ ಕೊಟ್ಟಾಗ ಅಂದಿನ ಕೋಲಾರ ಜಿಲ್ಲೆಯಲ್ಲಿ ತೆಲುಗು ಮನೆಮಾತಿನವರು ಅರ್ಧಕ್ಕಿಂತ ಹೆಚ್ಚಿದ್ದರು. ತಲೆಯೆಣಿಕೆಯೊಂದನ್ನೇ ನೋಡಿದ್ದರೆ ಜಿಲ್ಲೆ ಆಂಧ್ರಕ್ಕೆ ಸೇರಬೇಕಿತ್ತು. ಸೇರಲಿಲ್ಲ. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದಲ್ಲೇ ಉಳಿಯಿತು. ಇಲ್ಲಿಯ ಕಚೇರಿ, ಶಾಲೆ, ವ್ಯಾಪಾರ ಎಲ್ಲವೂ ಆಗಲೇ ಬೆಂಗಳೂರು, ಮೈಸೂರಿನ ಕಡೆಗೆ ಮುಖ ಮಾಡಿದ್ದವು. ಮನೆಯೊಳಗಿನ ಮಾತು ಒಂದು, ಹೊಸಿಲು ದಾಟಿದ ಮೇಲಿನ ಮಾತು ಇನ್ನೊಂದು ಎಂಬುದು ಇಲ್ಲಿಯ ಜನಕ್ಕೆ ಸಮಸ್ಯೆಯಾಗಿ ಎಂದೂ ಕಂಡಿರಲಿಲ್ಲ.

ಈ ನೆರೆಹೊರೆ ಬಹಳ ಹಳೆಯದು. ಕೋಲಾರ ಗಂಗರ ಮೊದಲ ರಾಜಧಾನಿ. 11ನೇ ಶತಮಾನದಲ್ಲಿ ಇಲ್ಲಿಗೆ ಚೋಳರು ಬಂದರು. ಕೋಲಾರಮ್ಮನ ಗುಡಿಯಲ್ಲಿ ಅವರ ಕಾಲದ ತಮಿಳು ಶಾಸನಗಳು ಇಂದಿಗೂ ಇವೆ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಗ್ರಹದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು. ಅದರ ಪುಟ ತಿರುವುತ್ತಾ ಹೋದರೆ ಕನ್ನಡ, ತಮಿಳು, ತೆಲುಗು, ಸಂಸ್ಕೃತ ನಾಲ್ಕೂ ಒಂದೇ ಜಿಲ್ಲೆಯ ಬಂಡೆಗಳ ಮೇಲೆ ಸಿಗುತ್ತವೆ. ಆವನಿಯಲ್ಲಿ ನೊಳಂಬರ ಗುಡಿಗಳಿವೆ, ಕುರುಡುಮಲೆಯಲ್ಲಿ ಚೋಳರ ಕಾಲದ ಕೆಲಸವೂ ವಿಜಯನಗರದ ಕಾಲದ ಕೆಲಸವೂ ಅಕ್ಕಪಕ್ಕದಲ್ಲಿವೆ. ಯಾರೂ ಇನ್ನೊಬ್ಬರನ್ನು ಪೂರ್ತಿ ಅಳಿಸಿ ಬರೆದಿಲ್ಲ.

ಹಾಗಾದರೆ ಉಳಿದದ್ದು ಹೇಗೆ? ನನ್ನ ಉತ್ತರ ಹೀಗಿದೆ. ಈ ಸೀಮೆಯಲ್ಲಿ ಯಾವ ಸಮುದಾಯವೂ ಬೇಲಿ ಹಾಕಿಕೊಂಡು ಉಳಿಯಲಿಲ್ಲ. ತನ್ನದಲ್ಲದ ಒಂದನ್ನು ಧೈರ್ಯವಾಗಿ ಎರವಲು ಪಡೆದು, ತನ್ನದೇ ಆದ ಒಂದನ್ನು ಇಡೀ ಊರಿಗೆ ಬೇಕಾಗುವಂತೆ ಮಾಡಿಕೊಂಡವರು ಉಳಿದರು. ನಿಮ್ಮ ಮನೆಯ ತೆಲುಗಿನಿಂದಲೇ ಶುರು ಮಾಡೋಣ.

ಮದನಪಲ್ಲಿ, ಪುಂಗನೂರು ಕಡೆಯವರಿಗೂ ಶ್ರೀನಿವಾಸಪುರ, ಮುಳಬಾಗಿಲು ಕಡೆಯವರಿಗೂ ಹೆಣ್ಣು ಕೊಟ್ಟು ತರುವ ನಂಟಿದೆ. ‘ಏಮ್ನಾ, ಬಾಗುಂಡಾವಾ’ ಎಂದು ಮಾತಿಗಿಳಿದರೆ ಗಡಿಯ ಯಾವ ಕಡೆಯವರೆಂದು ಗುರುತು ಹಿಡಿಯುವುದು ಸುಲಭವಲ್ಲ. ಬರೆಯಲು ಕೂತಾಗ ಮಾತ್ರ ಬೇರೆಯಾಗುತ್ತಾರೆ. ಕೋಲಾರದವರು ತೆಲುಗನ್ನು ಕನ್ನಡ ಅಕ್ಷರದಲ್ಲಿ ಬರೆದರು. ಎರಡೂ ಲಿಪಿಗಳು ಒಂದೇ ತಾಯಿಯ ಮಕ್ಕಳಾದ್ದರಿಂದ ಇದರಲ್ಲಿ ಕಷ್ಟವೇನೂ ಇರಲಿಲ್ಲ. ಆದರೆ ಅದರಿಂದ ಆದ ಉಪಕಾರ ದೊಡ್ಡದು. ತೆಲುಗು ಶಾಲೆಯ ಮೆಟ್ಟಿಲನ್ನೇ ಹತ್ತದ ರೈತನೊಬ್ಬ ಸರ್ಕಾರಿ ಕನ್ನಡ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರದಿಂದಲೇ ತನ್ನ ಮನೆಯ ತತ್ವಪದವನ್ನು ಓದಬಲ್ಲವನಾದ.

ಕೈವಾರದ ನಾರೇಯಣ ತಾತಯ್ಯನವರ ಪದಗಳ ಕತೆ ಇದೇ. ಕೈವಾರ ಇಂದು ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನಲ್ಲಿದೆ. 2007ರಲ್ಲಿ ಜಿಲ್ಲೆ ಒಡೆಯುವವರೆಗೂ ಕೋಲಾರದ್ದೇ ಆಗಿತ್ತು. 18ನೇ ಶತಮಾನದಲ್ಲಿ ಬಾಳಿದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಅವರ ತೆಲುಗು ಪದಗಳು ಕನ್ನಡ ಲಿಪಿಯಲ್ಲಿ ಅಚ್ಚಾಗಿ ಊರೂರಿನ ಭಜನೆ ಮನೆಗಳಿಗೆ ಬಂದವು. ಏಕಾದಶಿಯ ರಾತ್ರಿ ತಾಳ ಹಿಡಿದು ಕೂತವರಿಗೆ ಕೈಯಲ್ಲಿರುವ ಪುಸ್ತಕದ ಅಕ್ಷರ ಯಾವುದು, ಬಾಯಲ್ಲಿರುವ ಮಾತು ಯಾವುದು ಎಂಬ ಭೇದ ತಿಳಿಯುವುದಿಲ್ಲ. ತಿಳಿಯಬೇಕಾದ ಅಗತ್ಯವೂ ಇಲ್ಲ.

ಕೇಳಿಕೆಯೂ ಹೀಗೆಯೇ ಉಳಿದ ಕಲೆ. ಬೇರೆ ಕಡೆ ಬಯಲಾಟ, ಮೂಡಲಪಾಯ ಎನ್ನುವಂಥ ಆಟವನ್ನು ನಮ್ಮ ಕಡೆ ಕೇಳಿಕೆ ಎನ್ನುತ್ತಾರೆ. ಸುಗ್ಗಿ ಮುಗಿದ ಮೇಲೆ ಊರ ಹುಡುಗರನ್ನು ಕೂರಿಸಿಕೊಂಡು ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಿದ್ದರು. ಪದ್ಯ ಬಹುಪಾಲು ತೆಲುಗು, ಪ್ರತಿ ಬರೆದುಕೊಂಡದ್ದು ಕನ್ನಡ ಅಕ್ಷರದಲ್ಲಿ, ನೋಡಲು ಬಂದವರಲ್ಲಿ ಎಲ್ಲ ಮಾತಿನವರೂ ಇರುತ್ತಿದ್ದರು. ಆಂಧ್ರದ ಸಾಹಿತ್ಯ ಚರಿತ್ರೆಗೆ ಇದು ಕರ್ನಾಟಕದ್ದು, ಕರ್ನಾಟಕದ ಸಾಹಿತ್ಯ ಚರಿತ್ರೆಗೆ ಇದು ತೆಲುಗು. ಹೀಗಾಗಿ ಎರಡು ಕಡೆಯೂ ಇದಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ. ನನಗೆ ನಿಜವಾಗಿ ಸಂಕಟವಾಗುವ ವಿಷಯವಿದು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮುಳಬಾಗಿಲು, ಶ್ರೀನಿವಾಸಪುರದ ಅನೇಕ ಹಳ್ಳಿಗಳಲ್ಲಿ ಮನೆಮಾತಿನ ಲೆಕ್ಕದಲ್ಲಿ ಅಲ್ಪಸಂಖ್ಯಾತ ಭಾಷೆ ಯಾವುದು? ಕನ್ನಡವೇ. ಆದರೂ ಇದೇ ನೆಲದಲ್ಲಿ ಕನ್ನಡ ಎಂಥ ಎತ್ತರ ಮುಟ್ಟಿತು ನೋಡಿ. 15ನೇ ಶತಮಾನದ ಶ್ರೀಪಾದರಾಜರು ಮುಳಬಾಗಿಲಿನ ನರಸಿಂಹತೀರ್ಥದಲ್ಲಿದ್ದುಕೊಂಡು, ಸಂಸ್ಕೃತವೇ ಮೇಲೆಂದು ನಂಬಿದ್ದ ಮಠದೊಳಗೆ ಕನ್ನಡದ ಹಾಡನ್ನು ತಂದರು. ಅವರ ಶಿಷ್ಯರು ವ್ಯಾಸರಾಯರು, ವ್ಯಾಸರಾಯರ ಶಿಷ್ಯರು ಪುರಂದರದಾಸರು. ದಾಸಸಾಹಿತ್ಯದ ಹೊಳೆ ಹರಿದದ್ದು ತೆಲುಗು ಸೀಮೆಯ ಅಂಚಿನ ಈ ಊರಿನಿಂದ. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದೂ ಮುಳಬಾಗಿಲಿನಲ್ಲೇ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. ಕನ್ನಡದ ಸಣ್ಣಕತೆಗೆ ಅವರಿಗಿಂತ ದೊಡ್ಡ ಹೆಸರಿಲ್ಲ. 1983ರ ಜ್ಞಾನಪೀಠ ಅವರ ‘ಚಿಕವೀರ ರಾಜೇಂದ್ರ’ಕ್ಕೆ ಬಂತು. ಮನೆಯ ತಮಿಳು ಅವರ ಕನ್ನಡವನ್ನು ಕಿಂಚಿತ್ತೂ ಕಡಿಮೆ ಮಾಡಲಿಲ್ಲ. ನಿಮ್ಮನ್ನು ಆಂಧ್ರದವರಾ ಎಂದು ಕೇಳುವವರಿಗೆ ಮಾಸ್ತಿಯವರ ಹೆಸರೊಂದನ್ನು ಹೇಳಿದರೆ ಸಾಕು. ಸಿನಿಮಾ ನೋಡುವವರಾದರೆ ಮುಳಬಾಗಿಲು ಕಡೆಯ ನಟಿ ಸೌಂದರ್ಯ ಅವರನ್ನೂ ನೆನಪಿಸಬಹುದು. ಕನ್ನಡ, ತೆಲುಗು ಎರಡೂ ಭಾಷೆಯ ಪ್ರೇಕ್ಷಕರು ಆಕೆಯನ್ನು ತಮ್ಮ ಮನೆಮಗಳೆಂದೇ ನಂಬಿದ್ದರು.

ಇನ್ನು ತಿಗಳರು. ಎರವಲು ಪಡೆಯುವುದಕ್ಕೆ ತೆಲುಗು ಮನೆಗಳು ಉದಾಹರಣೆಯಾದರೆ, ತನ್ನದನ್ನು ಊರಿಗೆ ಬೇಕಾಗುವಂತೆ ಮಾಡಿಕೊಳ್ಳುವುದಕ್ಕೆ ತಿಗಳರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ತೋಟಗಾರಿಕೆ ಅವರ ಕುಲಕಸುಬು. ಹೂವು, ಸೊಪ್ಪು, ತರಕಾರಿ ಬೆಳೆದು ಊರಿಗೆ ಕೊಟ್ಟವರು. ಅವರ ಮನೆಯೊಳಗಿನ ಮಾತು ಕನ್ನಡ, ತೆಲುಗು ಬೆರೆತ ಒಂದು ಬಗೆಯ ತಮಿಳು. ಅದಕ್ಕೆ ಪುಸ್ತಕವಿಲ್ಲ, ಶಾಲೆಯಿಲ್ಲ, ಅಕಾಡೆಮಿಯಿಲ್ಲ. ಮಾತನ್ನಷ್ಟೇ ನಂಬಿಕೊಂಡಿದ್ದರೆ ಅವರ ಗುರುತು ಎಂದೋ ಮಸುಕಾಗುತ್ತಿತ್ತು. ಅವರನ್ನು ಕಾಪಾಡಿದವಳು ದ್ರೌಪದಮ್ಮ.

ದ್ರೌಪದಿಯನ್ನು ದೇವಿಯಾಗಿ ಪೂಜಿಸುವ ಸಂಪ್ರದಾಯದ ದೊಡ್ಡ ನೆಲೆ ತಮಿಳುನಾಡಿನ ಜಿಂಜಿ ಸೀಮೆ. ಆಲ್ಫ್ ಹಿಲ್ಟೆಬೈಟೆಲ್ ಎಂಬ ಅಮೆರಿಕದ ವಿದ್ವಾಂಸರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ 1988ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅಲ್ಲಿ ದ್ರೌಪದಿಯ ಹಬ್ಬವೆಂದರೆ ಮುಖ್ಯವಾಗಿ ತೆರುಕ್ಕೂತ್ತು ಎಂಬ ಬೀದಿಯಾಟ ಮತ್ತು ಕೆಂಡ ತುಳಿಯುವುದು. ನಮ್ಮ ತಿಗಳರ ಕೈಯಲ್ಲಿ ಅದರ ಜೀವ ಕರಗಕ್ಕೆ ಬಂತು. ಕೋಲಾರ, ಮಾಲೂರು, ಮುಳಬಾಗಿಲು ಕಡೆ ಧರ್ಮರಾಯನ ಗುಡಿಗಳಿಂದ ಹೊರಡುವ ಕರಗವನ್ನು ನೀವು ನೋಡಿಯೇ ಇರುತ್ತೀರಿ. ಹೊರುವವನು ಗಂಡಸು, ಸೀರೆ, ಬಳೆ, ಕುಂಕುಮ ತೊಟ್ಟು ಅಂದು ದೇವಿಯೇ ಆಗುತ್ತಾನೆ. ತಲೆಯ ಮೇಲೆ ಮಲ್ಲಿಗೆಯ ಗೋಪುರ, ಅದಕ್ಕೆ ಕೈ ತಾಗಿಸುವಂತಿಲ್ಲ. ಸುತ್ತ ಕತ್ತಿ ಹಿಡಿದ ವೀರಕುಮಾರರು.

ಆ ರಾತ್ರಿ ಕರಗ ಹೋಗುವುದು ತಿಗಳರ ಬೀದಿಗಷ್ಟೇ ಅಲ್ಲ. ಒಕ್ಕಲಿಗರ, ಬಲಿಜಿಗರ, ಕುರುಬರ, ಶೆಟ್ಟರ ಬೀದಿಗಳಲ್ಲೂ ಬಾಗಿಲು ಸಾರಿಸಿ ರಂಗೋಲಿ ಇಟ್ಟು ಕಾಯುತ್ತಾರೆ. ಬೆಂಗಳೂರಿನ ಕರಗ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುವುದು ಎಲ್ಲರಿಗೂ ತಿಳಿದ ಸಂಗತಿ. ಒಂದು ಸಣ್ಣ ಸಮುದಾಯದ ಮನೆದೇವತೆ ಊರದೇವತೆಯಾದಳು. ಆ ಮೇಲೆ ಅದನ್ನು ಉಳಿಸುವ ಹೊಣೆ ತಿಗಳರೊಬ್ಬರದೇ ಆಗಿ ಉಳಿಯಲಿಲ್ಲ, ಊರಿನದಾಯಿತು. ಹೊರುವ ಹಕ್ಕು ಮಾತ್ರ ಅವರದೇ. ಈ ಏರ್ಪಾಡಿನಲ್ಲಿ ಬಹಳ ವಿವೇಕವಿದೆ. ಬಾಗಿಲನ್ನು ಎಲ್ಲರಿಗೂ ತೆರೆದರು, ಬೀಗದ ಕೈಯನ್ನು ಬಿಟ್ಟುಕೊಡಲಿಲ್ಲ. ಬಾವಿಗಳು ಬತ್ತಿ, ಸಾವಿರ ಅಡಿಯ ಕೊಳವೆಬಾವಿಯಲ್ಲೂ ನೀರು ಸಿಗದ ಬರಗಾಲಗಳನ್ನು ಕೋಲಾರ ಕಂಡಿತು. ಎಷ್ಟೋ ತೋಟಗಳು ಬಡಾವಣೆಗಳಾದವು. ಕಸುಬು ಅಲುಗಾಡಿದರೂ ಕರಗ ನಿಲ್ಲಲಿಲ್ಲ.

ಉಳಿಯುವುದೆಂದರೆ ಇದ್ದದ್ದನ್ನು ಇದ್ದಂತೆ ಇಟ್ಟುಕೊಳ್ಳುವುದು ಎಂದು ಭಾವಿಸಬೇಡಿ. ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ, ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರಕ್ಕೆ ಮೊದಲು ತಾಯಿ ತನ್ನ ಬಲಗೈಯ ಎರಡು ಬೆರಳುಗಳ ತುದಿಯನ್ನು ಕೊಡಬೇಕಾದ ಪದ್ಧತಿ ಇತ್ತು. ಕೋಲಾರ ತಾಲ್ಲೂಕಿನ ಸೀತಿಬೆಟ್ಟದ ಭೈರವನ ಜತೆ ಬೆಸೆದುಕೊಂಡ, ಭಸ್ಮಾಸುರನ ಕತೆಯ ಮೇಲೆ ನಿಂತ ನೇಮ ಅದು. 19ನೇ ಶತಮಾನದ ಆರಂಭದಲ್ಲೇ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಇದನ್ನು ದಾಖಲಿಸಿದ್ದರು. ಸರ್ಕಾರ ಅದನ್ನು ನಿಷೇಧಿಸಿತು. ಜನ ದೇವರನ್ನು ಬಿಡಲಿಲ್ಲ, ಶಾಸ್ತ್ರವನ್ನೂ ಬಿಡಲಿಲ್ಲ. ಬೆರಳಿನ ಬದಲು ಬೆರಳಿಗೆ ತೊಡಿಸಿದ ಚಿನ್ನ ಬೆಳ್ಳಿಯನ್ನು ಒಪ್ಪಿಸುವ ರೂಢಿಗೆ ಬಂದರು. ಸೀತಿಬೆಟ್ಟಕ್ಕೆ ಇವತ್ತೂ ಜನ ಹತ್ತುತ್ತಾರೆ. ತಾಯಂದಿರ ಕೈ ಸುರಕ್ಷಿತವಾಗಿದೆ, ಭೈರವನ ಪೂಜೆಯೂ ನಡೆದಿದೆ. ಬಿಡಬೇಕಾದದ್ದನ್ನು ಬಿಟ್ಟ ಸಂಪ್ರದಾಯಕ್ಕೆ ಆಯಸ್ಸು ಹೆಚ್ಚು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಷ್ಟು ಹೇಳಿದಾಗ ಕೋಲಾರವೆಂದರೆ ಎಲ್ಲರೂ ಸುಖವಾಗಿ ಹಂಚಿಕೊಂಡು ಬಾಳಿದ ಊರು ಎಂಬ ಚಿತ್ರ ಮೂಡಬಹುದು. ಅದು ಅರ್ಧ ಚಿತ್ರ. ತಮಟೆಯನ್ನು ತೆಗೆದುಕೊಳ್ಳಿ. ಜಾತ್ರೆಗೂ ಸಾವಿಗೂ ಸಾರುವುದಕ್ಕೂ ಊರಿಗೆ ತಮಟೆ ಬೇಕಿತ್ತು. ಹಾಗೆ ಬೇಕಾದದ್ದರಿಂದಲೇ ಅದು ಉಳಿಯಿತು. ಆದರೆ ಬಾರಿಸಿದವರನ್ನು ಊರು ಒಳಗೆ ಕರೆಯಲಿಲ್ಲ. ಇಲ್ಲಿ ಬಾರಿಸುವುದು ಹಕ್ಕಾಗಿರಲಿಲ್ಲ, ಬಿಟ್ಟಿ ಚಾಕರಿಯಾಗಿತ್ತು. ಕರಗ ಹೊರುವವನ ಮುಂದೆ ಊರು ಕೈ ಮುಗಿಯಿತು. ತಮಟೆ ಬಾರಿಸಿದವನಿಗೆ ದೂರದಿಂದ ಕೂಳು ನೀಡಿತು. 2000ದ ಮಾರ್ಚ್‌ನಲ್ಲಿ ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಈ ಸೀಮೆಯ ಸಹಬಾಳ್ವೆಯ ಬಗ್ಗೆ ಬರೆಯುವ ಯಾರೂ ಆ ಹೆಸರನ್ನು ಹೇಳದೆ ಮುಂದೆ ಹೋಗಬಾರದು.

ದಲಿತ ಚಳವಳಿ ಬಲವಾಗಿದ್ದ ದಿನಗಳಲ್ಲಿ ಅನೇಕ ಯುವಕರು ತಮಟೆಯನ್ನು ಕೆಳಗಿಟ್ಟರು. ಅವರು ಮಾಡಿದ್ದು ಸರಿ. ಬಲವಂತದಿಂದ ಉಳಿದ ಕಲೆಯನ್ನು ನಿರಾಕರಿಸುವ ಹಕ್ಕು ಅದನ್ನು ಹೊತ್ತವರಿಗೆ ಇದ್ದೇ ಇದೆ. ಆದರೆ ಕತೆ ಅಲ್ಲಿಗೇ ಮುಗಿಯಲಿಲ್ಲ. ಕೋಲಾರಕ್ಕೆ ಅಂಟಿಕೊಂಡ ತೇರಹಳ್ಳಿ ಬೆಟ್ಟದ ಮೇಲೆ, ಶಿವಗಂಗೆಯಲ್ಲಿ, ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ‘ಆದಿಮ’ ಎಂಬ ಸಾಂಸ್ಕೃತಿಕ ಕೇಂದ್ರ ಕಟ್ಟಿದರು. ಹುಣ್ಣಿಮೆ ರಾತ್ರಿಗಳಲ್ಲಿ ಅಲ್ಲಿ ‘ಹುಣ್ಣಿಮೆ ಹಾಡು’ ನಡೆಯುತ್ತದೆ. ನಾಟಕ, ತತ್ವಪದ, ತಮಟೆ, ಮಕ್ಕಳ ಹಾಡು ಏನು ಬೇಕಾದರೂ ಇರುತ್ತದೆ. ಊರ ಅಪ್ಪಣೆಗೆ ಬಾರಿಸುವುದಕ್ಕೂ, ತಮ್ಮದೇ ಅಂಗಳದಲ್ಲಿ ತಮ್ಮವರ ಮುಂದೆ ತಲೆಯೆತ್ತಿ ಬಾರಿಸುವುದಕ್ಕೂ ಇರುವ ಅಂತರವನ್ನು ಅಲ್ಲಿ ಕಿವಿಯಾರೆ ಕೇಳಬಹುದು. 2023ರಲ್ಲಿ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಅವರ ಹಳ್ಳಿಯೂ ಹಳೆಯ ಕೋಲಾರ ಜಿಲ್ಲೆಯದೇ. ಕೆಳಗಿಟ್ಟ ತಮಟೆಯನ್ನು ಮತ್ತೆ ಎತ್ತಿಕೊಂಡವರು ತಮ್ಮ ಷರತ್ತಿನ ಮೇಲೆ ಎತ್ತಿಕೊಂಡರು.

ಮುಸಲ್ಮಾನರ ಮನೆಗಳ ಉರ್ದು, ಅಂದರೆ ದಖನಿ, ಪುಸ್ತಕದ ಉರ್ದುವಲ್ಲ. ತೆಲುಗು ಕನ್ನಡದ ಗಾಳಿ ಕುಡಿದು ಬೆಳೆದದ್ದು. ಕೋಲಾರದಲ್ಲಿ ಹೈದರಾಲಿಯ ತಂದೆ ಫತೇ ಮಹಮ್ಮದನ ಮಕ್ಬರಾ ಇದೆ, ಮುಳಬಾಗಿಲಿನಲ್ಲಿ ಬಾಬಾ ಹೈದರ್ ವಲಿಯವರ ದರ್ಗಾ ಇದೆ. ಉರುಸಿಗೆ ಬರುವವರು ಯಾವ ಜಾತಿಯವರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಮಂಡಿಯಲ್ಲಿ ಮಾವಿನ ವ್ಯಾಪಾರಕ್ಕೆ ಕೂತ ಸಾಹೇಬರು ರೈತನೊಡನೆ ತೆಲುಗು, ಮನೆಯವರೊಡನೆ ದಖನಿ, ಅಧಿಕಾರಿಯೊಡನೆ ಕನ್ನಡ ಆಡುತ್ತಾರೆ. ಶ್ರೀನಿವಾಸಪುರದವರಿಗೆ ಇದನ್ನು ನಾನು ವಿವರಿಸಬೇಕಿಲ್ಲ.

ಅಲೆಮಾರಿಗಳ ವಿಷಯ ಬಂದಾಗ ಮಾತ್ರ ನನ್ನಲ್ಲಿ ಭರವಸೆ ಕಡಿಮೆ. ಕೋಲೆ ಬಸವ ಆಡಿಸುವವರು, ಬುಡ್ಗಜಂಗಮರು, ಸುಡುಗಾಡು ಸಿದ್ಧರು, ದೊಂಬಿದಾಸರು ಇವರೆಲ್ಲ ಕತೆ, ಹಾಡು, ವೇಷಗಳನ್ನೇ ಬದುಕಾಗಿಸಿಕೊಂಡವರು. ನಿಲ್ಲಲು ಸ್ವಂತದ ನೆಲವಿಲ್ಲ, ಕರಗದಂಥ ಊರ ಹಬ್ಬದ ಆಸರೆಯೂ ಇಲ್ಲ. ಒಂದು ಕಡೆ ನಿಂತು ಮಕ್ಕಳನ್ನು ಓದಿಸಿದರೆ ಕಲೆ ಹೋಗುತ್ತದೆ, ತಿರುಗುತ್ತಲೇ ಇದ್ದರೆ ಮಕ್ಕಳ ಬದುಕು ಹೋಗುತ್ತದೆ. ಅವರು ಮಕ್ಕಳನ್ನೇ ಆರಿಸಿಕೊಳ್ಳುತ್ತಿದ್ದಾರೆ. ಅದು ನ್ಯಾಯವೇ. ಆ ಕತೆಗಳನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಓದಿದ ನಮ್ಮಂಥವರದು, ನಾವು ಅದನ್ನು ಸಾಕಷ್ಟು ಮಾಡಿಲ್ಲ.

ಮುಂದೆ ಏನು? ಕೋಲಾರದ ತೆಲುಗಿಗೆ ಅಪಾಯ ಕನ್ನಡದಿಂದ ಬರುತ್ತದೆ ಎಂದು ಕೆಲವರು ಹೆದರುತ್ತಾರೆ. ಕನ್ನಡಕ್ಕೆ ಅಪಾಯ ತೆಲುಗಿನಿಂದ ಎಂದು ಇನ್ನು ಕೆಲವರು. ಇಬ್ಬರೂ ತಪ್ಪು ದಿಕ್ಕಿನಲ್ಲಿ ನೋಡುತ್ತಿದ್ದಾರೆ. ಶತಮಾನಗಳಿಂದ ಇಲ್ಲಿ ನಡೆದುಬಂದದ್ದು ಮನೆಗೊಂದು ಮಾತು, ಅಕ್ಷರಕ್ಕೊಂದು ಮಾತು ಎಂಬ ಒಪ್ಪಂದ. ಈಗ ಸಡಿಲವಾಗುತ್ತಿರುವುದು ಆ ಒಪ್ಪಂದವೇ. ನರಸಾಪುರ, ಮಾಲೂರಿನ ಕೈಗಾರಿಕಾ ಪ್ರದೇಶಗಳ ಸುತ್ತ ಇಂಗ್ಲಿಷ್ ಮಾಧ್ಯಮದ ಶಾಲೆಗಳ ಹಳದಿ ಬಸ್ಸುಗಳು ಹಳ್ಳಿಯ ತುದಿಯವರೆಗೂ ಹೋಗುತ್ತಿವೆ. ಕನ್ನಡ ಅಕ್ಷರ ಸಲೀಸಾಗಿ ಓದಲು ಬಾರದ ಮಗುವಿಗೆ ತಾತಯ್ಯನವರ ತೆಲುಗು ಪದದ ಪುಸ್ತಕವೂ ಮುಚ್ಚಿದ ಪುಸ್ತಕವೇ. ಇತ್ತ ಮನೆಯ ತೆಲುಗು ಹೈದರಾಬಾದಿನ ಟಿ.ವಿ. ತೆಲುಗಾಗಿ ಬದಲಾಗುತ್ತಿದೆ, ನಮ್ಮ ಕಡೆಯ ಒರಟು, ಸಲಿಗೆಯ, ಕನ್ನಡ ಬೆರೆತ ತೆಲುಗನ್ನು ಆಡಲು ಹುಡುಗರು ನಾಚುತ್ತಾರೆ. ಕನ್ನಡ ಓದು ಕುಂದಿದರೆ ಕೋಲಾರದ ತೆಲುಗೂ ಕುಂದುತ್ತದೆ. ಎರಡನ್ನೂ ಒಟ್ಟಿಗೆ ಕಾಪಾಡಬೇಕು, ಬೇರೆ ದಾರಿಯಿಲ್ಲ.

ಹಾಗೆ ಕಾಪಾಡಲು ಸರ್ಕಾರವನ್ನು ಕಾಯಬೇಕಿಲ್ಲ. ನ್ಯೂಜಿಲೆಂಡಿನ ಮಾವೊರಿ ಜನರ ಭಾಷೆ ಅಜ್ಜ ಅಜ್ಜಿಯರ ಬಾಯಲ್ಲಷ್ಟೇ ಉಳಿಯುವ ಸ್ಥಿತಿಗೆ ಬಂದಾಗ, 1982ರಲ್ಲಿ ಅವರು ಅಜ್ಜಿಯರನ್ನೂ ಪುಟ್ಟ ಮಕ್ಕಳನ್ನೂ ಒಂದೆಡೆ ಕೂರಿಸುವ ಶಿಶುಮನೆಗಳನ್ನು ತೆರೆದರು. ಕಾನೂನಿಗೆ ಕಾಯಲಿಲ್ಲ, ಭಾಷೆಗೆ ಅಲ್ಲಿ ಅಧಿಕೃತ ಸ್ಥಾನ ಸಿಕ್ಕಿದ್ದು ಐದು ವರ್ಷಗಳ ನಂತರ, 1987ರಲ್ಲಿ. ನಮ್ಮಲ್ಲಿ ಅಷ್ಟು ದೊಡ್ಡ ಏರ್ಪಾಡಿನ ಅಗತ್ಯ ಇನ್ನೂ ಬಂದಿಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲೂ ನೀವು ನಾಚದೆ ತೆಲುಗು ಮಾತಾಡಿ, ಮಕ್ಕಳಿಗೆ ಕನ್ನಡ ಓದಲು ಬರೆಯಲು ಚೆನ್ನಾಗಿ ಕಲಿಸಿ. ನಿಮ್ಮ ಪಾಲಿನ ಕೆಲಸದ ದೊಡ್ಡ ಭಾಗ ಅಲ್ಲಿಗೆ ಆದಂತೆ.

ಉಳಿದದ್ದು ಒಂದು ಕೋರಿಕೆ, ನಿಮ್ಮೊಬ್ಬರಿಗಲ್ಲ, ಜಿಲ್ಲೆಯ ಎಲ್ಲ ತಾಲ್ಲೂಕುಗಳ ಓದುಗರಿಗೆ. ಹಳ್ಳಿಯ ಮನೆ ಕೆಡವಿ ಹೊಸದು ಕಟ್ಟುವಾಗ ಅಟ್ಟದ ಮೇಲಿನ ಹಳೆಯ ನೋಟುಬುಕ್ಕುಗಳನ್ನು ರದ್ದಿಗೆ ಹಾಕಬೇಡಿ. ಕೇಳಿಕೆಯ ಪ್ರತಿಗಳು, ಭಜನೆಯ ಪದಗಳು, ಮದುವೆಯ ಸೋಬಾನೆಗಳು ಅವುಗಳಲ್ಲಿರುತ್ತವೆ. ಪುಟ ಪುಟವನ್ನೂ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಹಾಡಲು ಬಲ್ಲ ಹಿರಿಯರು ಇದ್ದರೆ ಅವರ ದನಿಯನ್ನು ಮುದ್ರಿಸಿಕೊಳ್ಳಿ. ಕೋಲಾರದ ಟಮಕದಲ್ಲೇ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಕನ್ನಡ ಅಕ್ಷರದಲ್ಲಿರುವ ಕೋಲಾರದ ತೆಲುಗನ್ನು ಸಂಗ್ರಹಿಸಿ ಅಚ್ಚು ಹಾಕುವಂತೆ ಆ ಎರಡೂ ಸಂಸ್ಥೆಗಳಿಗೆ ಪತ್ರ ಬರೆಯಿರಿ.